ಧೂಳಕ್ಕ ಕಾಯ್ದ ಅರ್ಧ ಕಲೆ

ಬೆಳಗಿನ ಆರಕ್ಕೆ ಹಿತ್ತಿಲ ಬಾಗಿಲ ಬೀಗ ತೆಗೆದು ಒಳಬರುವ ಧೂಳಕ್ಕ ಮೊದಲು ಕೈ ತೊಳೆದುಕೊಳ್ಳುತ್ತಾರೆ. "ಕೈಯೇ ಕೊಳೆಯಾದ್ರೆ ಮನೆ ಎಲ್ಲಿ ಚೊಕ್ಕಟ ಆಗುತ್ತೆ?" ಎನ್ನುತ್ತಾ ಹಳೆಯ ಹತ್ತಿ ಬಟ್ಟೆಯನ್ನು ನೆನೆಸಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡುತ್ತಾರೆ. ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವರು ಧೂಳಕ್ಕನೇ.

ಮಕ್ಕಳೆಲ್ಲ ಶಾಲೆಗೆ ಹೋಗಲೇಬೇಕು ಎಂಬ ಕಾನೂನಿನ ಕರಡು ಬರೆದ ಮೇಷ್ಟ್ರ ಮನೆಯಿದು, ಈಗ ರಾಷ್ಟ್ರೀಯ ಸ್ಮಾರಕ. ಹನ್ನೊಂದು ಕೋಣೆ, ಅರವತ್ತನಾಲ್ಕು ಕಿಟಕಿ ಗಾಜು, ಮೂವತ್ತೊಂದು ಮೆಟ್ಟಿಲು. ಒಂಬತ್ತೂವರೆಗೆ ಜನ ಬರುವಷ್ಟರಲ್ಲಿ ಎಲ್ಲ ಮುಗಿಯಬೇಕು. ಗಂಡ ಹಾಸಿಗೆ ಹಿಡಿದ ವರ್ಷ, ಇಬ್ಬರು ಹೆಣ್ಣುಮಕ್ಕಳ ಹೊಟ್ಟೆಪಾಡಿಗಾಗಿ ಸೇರಿದ ಕೆಲಸಕ್ಕೆ ಇಪ್ಪತ್ತೇಳು ವರ್ಷವಾಯಿತು. ಮಂಡಿ ಸವೆದಿದೆ, ಬಾಯಿ ಮಾತ್ರ ಸವೆದಿಲ್ಲ. "ಮೇಷ್ಟ್ರು ಇದ್ದಾಗ ಈ ಮನೆ ಇಷ್ಟು ಚೆನ್ನಾಗಿತ್ತಾ ಅಂತ ನಂಗೆ ಅನುಮಾನ!" ಎಂದು ನಗುತ್ತಾರೆ.

ಮೇಷ್ಟ್ರ ಮೇಜಿನ ಹತ್ತಿರ ಮಾತ್ರ ನಗು ನಿಲ್ಲುತ್ತದೆ. ಆ ಕಾನೂನಿನ ಕರಡು ಪ್ರತಿಗೆ ಮೇಷ್ಟ್ರು ಸಹಿ ಹಾಕುವಾಗ ಮಸಿಕುಡಿಕೆ ಉರುಳಿ ಅಂಗೈಯಗಲ ಕಲೆಯಾಗಿತ್ತಂತೆ. ಈಗ ಉಳಿದಿರುವುದು ಅರ್ಧ. "ಮಿಕ್ಕಿದ್ದನ್ನು ಕಾಲ ಅಳಿಸಿದೆ," ಎಂದು ಗೈಡ್ ದಿನವೂ ಜನರಿಗೆ ಹೇಳುತ್ತಾರೆ. ಆಗೆಲ್ಲ ಧೂಳಕ್ಕ ಪಾಪ, ತಲೆ ತಗ್ಗಿಸುತ್ತಾರೆ.

ಮುಂದಿನ ಸೋಮವಾರ ಅವರಿಗೆ ನಿವೃತ್ತಿ; ಅದಕ್ಕೇ ಅವರ ಬಗ್ಗೆ ಪತ್ರಿಕೆಗೆ ಬರೆಯಲು ನಾವು ಬಂದಿದ್ದೇವೆ. ಅವರ ಜಾಗಕ್ಕೆ ಬಂದಿರುವ ಹೊಸಬಳು ಬಲು ಚುರುಕು. ಇಂದು ಸೋಪಿನ ಪುಡಿ, ಬ್ರಷ್ಷು ಹಿಡಿದು ನೇರ ಮೇಜಿಗೇ ಬಂದಿದ್ದಾಳೆ. "ಇಷ್ಟು ವರ್ಷ ಈ ಕಲೆ ಹೆಂಗೆ ಬಿಟ್ಟಿದ್ರಿ ಅಕ್ಕಾ? ಎರಡು ಸಲ ಉಜ್ಜಿದ್ರೆ ಹೋಗುತ್ತೆ."

"ಅಯ್ಯೋ, ಬೇಡ್ವೇ ತಾಯಿ!" ಧೂಳಕ್ಕ ಓಡಿಹೋಗಿ ಅವಳ ಕೈ ಹಿಡಿಯುತ್ತಾರೆ.

"ಯಾಕೆ? ಅರ್ಧ ಕಾಲಾನೇ ಅಳಿಸಿದೆ ಅಂತ ಗೈಡೇ ಹೇಳ್ತಾರಲ್ಲ, ಮಿಕ್ಕಿದ್ದೂ ಹೇಗೂ ಹೋಗೋದೇ."

ಹೇಳಿದರೆ ಇಷ್ಟು ವರ್ಷದ ಒಳ್ಳೆಯ ಹೆಸರು ಹೋಗುತ್ತದೆ. ಹೇಳದಿದ್ದರೆ ಸೋಮವಾರದ ನಂತರ ಕಲೆ ಹೋಗುತ್ತದೆ. ಬಾಗಿಲಲ್ಲಿ ಗೈಡ್ ಬೇರೆ ನಿಂತಿದ್ದಾರೆ.

"ಕಾಲ ಅಲ್ಲ ಸಾರ್ ಅಳಿಸಿದ್ದು, ನಾನು," ಎನ್ನುತ್ತಾರೆ ಧೂಳಕ್ಕ. "ಕೆಲಸಕ್ಕೆ ಸೇರಿದ ಮೊದಲನೇ ದಿನ. ಶಹಬ್ಬಾಸ್ ಅನ್ನಿಸ್ಕೊಳ್ಳೋಣ ಅಂತ ನಿಂಬೆರಸ ಹಾಕಿ ಉಜ್ಜಿದೆ. ಅರ್ಧ ಹೋದ್ಮೇಲೆ ಗೋಡೆ ಮೇಲಿನ ಫೋಟೋ ನೋಡ್ದೆ, ಅದರಲ್ಲೂ ಇದೇ ಕಲೆ! ಅಲ್ಲಿಗೇ ಕೈ ತೆಗೆದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಗೈಡ್ ಒಳಬಂದು ಕಲೆಯ ಮೇಲೆ ಬಾಗಿ ನೋಡುತ್ತಾರೆ. ಹೊಸಬಳು ಬ್ರಷ್ಷನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತಾಳೆ.

ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ ಧೂಳಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಬರೀರಿ. ಅರ್ಧ ನಾನೇ ಕಳೆದೆ, ಸುಳ್ಳಲ್ಲ. ಆದ್ರೆ ಉಳಿದರ್ಧ ಇಪ್ಪತ್ತೇಳು ವರ್ಷದಲ್ಲಿ ಒಂದು ಸಾಸಿವೆಯಷ್ಟೂ ಕಮ್ಮಿ ಆಗಿಲ್ಲ. ಅದನ್ನೂ ಬರೀರಿ."