ನೀರೆರೆವ ಪದ್ಮಾವತಿಯ ಹೊಟ್ಟೆಕಿಚ್ಚು

ವಡೋದರದಲ್ಲಿ ಚಳಿಗಾಲದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬ್ಯಾಂಕ್ ಕ್ವಾರ್ಟರ್ಸ್‌ನ ಬಚ್ಚಲಲ್ಲಿ ಪದ್ಮಾವತಿ ಮಣೆಯ ಮೇಲೆ ಕಾಲು ಚಾಚಿ ಕೂತು, ಹಸುಗೂಸನ್ನು ಕಾಲ ಮೇಲೆ ಬೋರಲು ಮಲಗಿಸಿ ಬಿಸಿನೀರು ಎರೆಯುತ್ತಾರೆ. ಕೂಸು ಒಮ್ಮೆ ಚೀರಿ ಕಣ್ಣು ಮುಚ್ಚುತ್ತದೆ. ಮುಂದೆ ಬಾಣಂತಿಯ ಸರದಿ: ಎಣ್ಣೆ, ನೀರು, ಸೊಂಟಕ್ಕೆ ಬಿಗಿ ಕಟ್ಟು. ದಿನಕ್ಕೆ ಮೂರು ಮನೆ. ವರ್ಗವಾಗಿ ಬಂದ ಕನ್ನಡದ ಸಂಸಾರಗಳಲ್ಲದೆ ಗುಜರಾತಿ ಮನೆಗಳೂ ಕರೆಯುತ್ತವೆ.

ಹಾವೇರಿ ಕಡೆಯ ಈ ಹೆಂಗಸಿಗೆ ಮಾತ್ರ ಯಾರೂ ನೀರೆರೆದವರಿಲ್ಲ. ಗಂಡ ಇದೇ ಊರಿನ ಗೋರ್ವಾ ಬಡಾವಣೆಯ ಕಾರ್ಖಾನೆ ಸೇರಿದ ವರ್ಷವೇ ಮಗಳು ತೃಪ್ತಿ ಹುಟ್ಟಿದಳು. ಒಂದೇ ಕೋಣೆ, ಊರಿನಿಂದ ಬಂದೂ ಆರೈಕೆಗೆ ಕೈ ಹಚ್ಚದ ಅತ್ತೆ, ನಿಲ್ಲದ ಅಳು. ಪದ್ಮಾವತಿಗೆ ಕೂಸಿನ ಮುಖ ನೋಡಲೂ ಮನಸ್ಸಾಗದು. ಹಡೆದವಳಿಗೆ ಕೂಸಿನ ಮೇಲೆ ಮಾಯೆ, ಮಮತೆ ತಾನಾಗಿ ಉಕ್ಕಬೇಕು, ಇವಳೆಂಥ ತಾಯಿ ಎಂದು ಅತ್ತೆ ಓಣಿಗೆಲ್ಲ ಸಾರಿದರು. ಪದ್ಮಾವತಿಯೂ ಅದನ್ನೇ ನಂಬಿದರು.

"ಅದಕ್ಕ, ಬಾಣಂತ್ಯಾರಿಗೆ ತುಪ್ಪ-ಅನ್ನ ಕಲಸಿ ಕೊಡೂದು ಕಂಡ್ರ ಹೊಟ್ಟಿ ಉರೀತದ್ರಿ. ಕೈ ಎಣ್ಣಿ ತಿಕ್ಕತಿರತದ, ಒಳಗ ಉರೀತಿರತದ" ಎನ್ನುತ್ತಾರೆ ಅವರು.

೨೦೦೩ರ ದೀಪಾವಳಿಯ ಹೊತ್ತಿಗೆ, ಇದೇ ಕ್ವಾರ್ಟರ್ಸ್‌ನ ಮೇಲಿನ ಮನೆಯ ರಚನಾ ಹೆಣ್ಣುಮಗುವನ್ನು ಹೆತ್ತರು. ನೀರೆರೆಯಲು ಪದ್ಮಾವತಿಯೇ ಹೋಗುತ್ತಿದ್ದರು. ಆರೈಕೆಗೆ ಮೈಸೂರಿನಿಂದ ತಾಯಿ ಸುಮತಿ ಬಂದಿದ್ದರು, ಗಂಡ ಕಿಶೋರ್ ರಜೆ ಹಾಕಿದ್ದರು. ಆದರೂ ರಚನಾ ಗೋಡೆಯ ಕಡೆ ತಿರುಗಿ ಅಳುತ್ತಿದ್ದರು. ಇಷ್ಟೆಲ್ಲ ಇದ್ದೂ ಇವಳಿಗೇನು ಕೊರಗು ಎಂದು ಪದ್ಮಾವತಿ ಮನಸ್ಸಿನಲ್ಲೇ ಕುದಿದರು, ಮಾತೂ ಬಿಟ್ಟರು.

ಒಂದು ಬೆಳಿಗ್ಗೆ ರಚನಾ ತಾವಾಗಿ ಬಾಯಿ ಬಿಟ್ಟರು. "ಪದ್ಮಕ್ಕ, ಇವಳು ನಿಮ್ಮ ಕೈಗೆ ಬಂದ್ರೆ ಸುಮ್ಮನಾಗ್ತಾಳೆ. ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ಇವಳನ್ನ ನೀವೇ ಇಟ್ಕೊಂಡುಬಿಡಿ. ನಾನಿಲ್ದಿದ್ರೇ ಎಲ್ಲರಿಗೂ ಒಳ್ಳೇದು."

ಕಡೆಯ ಮಾತು, ಪದ್ಮಾವತಿ ಗೋರ್ವಾದ ಕೋಣೆಯಲ್ಲಿ ತಮಗೆ ತಾವೇ ಹೇಳಿಕೊಂಡದ್ದು. ಅವರು ರಚನಾ ಪಕ್ಕ ಕೂತು, ಯಾರಿಗೂ ಹೇಳದ ತಮ್ಮ ಕಥೆ ಹೇಳಿದರು. ದೃಷ್ಟಿ ತೆಗೆದರೆ ಸರಿಹೋಗುತ್ತದೆ ಎಂದರು ಸುಮತಿ. ಪದ್ಮಾವತಿ ಒಪ್ಪಲಿಲ್ಲ. ಕಿಶೋರ್ ಹೆಂಡತಿಯನ್ನು ಡಾಕ್ಟರ ಬಳಿ ಹೊರಡಿಸುವವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ. ಇದು ಕಾಯಿಲೆ, ತಾಯಿಯ ತಪ್ಪಲ್ಲ ಎಂದರು ಡಾಕ್ಟರು. ಚೇತರಿಕೆಗೆ ತಿಂಗಳುಗಳೇ ಹಿಡಿದವು.

ಈಗ ಮಗಳಿಗೆ ರಚನಾ ತಾವೇ ನೀರೆರೆಯುತ್ತಾರೆ. ಅದನ್ನು ಕಂಡಾಗ ಪದ್ಮಾವತಿಗೆ ಖುಷಿ. ಜೊತೆಗೆ, ತಮ್ಮನ್ನು ಅಂದು ಯಾರೂ ಡಾಕ್ಟರ ಬಳಿ ಕರೆದೊಯ್ಯಲಿಲ್ಲವಲ್ಲ ಎಂಬ ಸಂಕಟ.

ಸೂರತ್‌ಗೆ ಕೊಟ್ಟ ತೃಪ್ತಿ ಈಗ ತುಂಬು ಬಸುರಿ. ಆಕೆಯ ಬಾಣಂತನವೊಂದೇ ಪದ್ಮಾವತಿಯ ಆಸೆ.

"ಆಕಿ ಅತ್ತರ ಯಾಕಳ್ತಿ ಅಂತ ಯಾರೂ ಬೈಬಾರದು. ಕೂಸಿನ ಮ್ಯಾಲ ಮಾಯಾ ಹುಟ್ಟಾಕ ತಡಾ ಆದ್ರ ಆಗ್ಲಿ, ನಾ ಬಾಜೂಕ ಕುಂತಿರ್ತೀನಿ. ನನಗೂ ತಡಾ ಆಗೇ ಬಂತು. ಬಂತಲ್ಲ."