ಓರ್ಫಾಳ ಐದು ಗುಂಡು

ಟೆಕ್ಸಸ್ಸಿನ ಆ ಹಳ್ಳಿಯಲ್ಲಿ ಚರ್ಚಿನ ಸಮಾಧಿಗಳನ್ನು ನೋಡಿಕೊಳ್ಳುತ್ತಿದ್ದವಳು ವಿಧವೆ ಓರ್ಫಾ. ಕಾಡುಹಂದಿಗಳು ಅವಳ ಗಂಡನ ಗೋರಿಯನ್ನೇ ಅಗೆಯತೊಡಗಿದಾಗ ಅವನ ಹಳೆಯ ರೈಫಲ್ಲು ಮನೆಯಿಂದ ಹೊರಗೆ ಬಂತು. ಅದಕ್ಕೆ ಗುಂಡು ತುಂಬುವ ಡಬ್ಬಿ, ಐದೇ ಗುಂಡಿನ ಮ್ಯಾಗಜೀನು, ಸಾಲದೆಂದು ಅವಳ ತಮ್ಮನ ಮಗ ಡ್ವೇನ್ ಬಂದೂಕಿನ ಸಂತೆಯಿಂದ ಹೊಸದೊಂದನ್ನು ತಂದ.

"ಮೂವತ್ತು ಹಿಡಿಯುತ್ತೆ, ಅತ್ತೆ."

ಸಂಜೆ ಹಂದಿಗಳು ಬಂದವು. ಓರ್ಫಾ ಹಾರಿಸಿದ ಮೊದಲ ಗುಂಡು ಗುರಿ ತಪ್ಪಿತು, ಎರಡನೆಯದು ರೈಫಲ್ಲಿನೊಳಗೇ ಅಡ್ಡಡ್ಡ ಸಿಕ್ಕಿಕೊಂಡಿತು. ಹಂದಿಗಳು ಗೋರಿಯನ್ನು ತುಳಿದುಕೊಂಡೇ ಓಡಿದವು.

ಓರ್ಫಾ ಹೊಸ ಮ್ಯಾಗಜೀನು ಕಳಚಿದಳು. ಅದರ ತೆಳು ತಗಡಿನ ಬಾಯಿ ಆಗಲೇ ಅಗಲವಾಗಿ ಹೋಗಿತ್ತು. ಸತ್ತ ಇಲಿಯಂತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಡ್ವೇನನ ಕೈಗೆ ಹಾಕಿದಳು.

"ಹಿಡಿಯೋದೇನೋ ಹಿಡಿಯುತ್ತಪ್ಪ, ಬಿಡಲ್ಲ ಅಷ್ಟೆ. ನಿಮ್ಮ ಮಾವಂಗೆ ಜೀವಮಾನವೆಲ್ಲ ಐದೇ ಸಾಕಾಗಿತ್ತು."

ಮರುದಿನ ಹಳೆಯ ಮ್ಯಾಗಜೀನಿಗೆ ಐದು ಗುಂಡುಗಳನ್ನು ಒಂದೊಂದಾಗಿ ಒತ್ತಿ ಹಂದಿಗಳಿಗಾಗಿ ಕಾದು ಕೂತಳು. ದೊಡ್ಡ ಹಂದಿ ಬೇಲಿಯಲ್ಲೇ ಉರುಳಿತು. ಆಮೇಲೆ ಅವಳು ಗೋರಿಯ ಮಣ್ಣನ್ನು ಕೈಯಿಂದಲೇ ಸಮ ಮಾಡಿದಳು.