ಉಬ್ಬಾಗಿ ಕಂಡ ತಗ್ಗು

ದೇವನಕೊಂಡದ ಆಚೆ, ಕುರಿ ಮೇಯುವ ಬಯಲಿನಲ್ಲಿ ನಮ್ಮ ಸರ್ವೆ ನಡೆದಿತ್ತು. ಭಾರದ ಲಾರಿಯೊಂದು ನೆಲವನ್ನು ನಡುಗಿಸುತ್ತ ಹೋಗುತ್ತದೆ. ಸಾಲಾಗಿ ನೆಟ್ಟ ಜಿಯೋಫೋನುಗಳು ಆಳದ ಬಂಡೆಗಳಿಂದ ಮರಳುವ ಸದ್ದನ್ನು ಹಿಡಿಯುತ್ತವೆ. ಕಂಪ್ಯೂಟರ್ ಆ ಸದ್ದನ್ನು ಚಿತ್ರ ಮಾಡುತ್ತದೆ. ಆದವಾನಿಯ ಬಾಡಿಗೆ ಆಫೀಸಿನಲ್ಲಿ ಕೂತು ಆ ಚಿತ್ರ ಓದುವುದು ನನ್ನ ಕೆಲಸ. ಮಡಿಚಿಹೋದ ಹಳೆಯ ಬಂಡೆಗಳು ಎಲ್ಲಿ ಉಬ್ಬಿವೆ, ಎಲ್ಲಿ ತಗ್ಗಾಗಿವೆ ಎಂದು ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಅದಿರು ಸಿಕ್ಕರೆ ಉಬ್ಬಿದ ಕಡೆಯೇ ಎಂದು ಅಲ್ಲಿ ಪರೀಕ್ಷೆಗೆ ಬೋರು ಕೊರೆಯುತ್ತಾರೆ. ಉಬ್ಬು ಎಂದರೆ ನಮ್ಮವರು ಲಡ್ಡು ಹಂಚುತ್ತಾರೆ. ತಗ್ಗು ಎಂದರೆ ಮುಖ ಸಣ್ಣದು ಮಾಡುತ್ತಾರೆ.

ಈ ಸಲ ಮೊದಲ ಚಿತ್ರದಲ್ಲಿ ಕಂಡ ಉಬ್ಬು ಒಂದು ದಿನ್ನೆಯ ಕೆಳಗೆ ಬಿತ್ತು. ಮೇಲೆ ಸಣ್ಣದೊಂದು ಕಲ್ಲುಗುಪ್ಪೆ. ಕುರಿ ಕಾಯುವ ಹೆಂಗಸೊಬ್ಬಳು ತನ್ನ ಮಗಳನ್ನು ಹೂತ ಜಾಗವದು. ನಾನು ಜಾಗ ನೋಡಲು ಹೋದಾಗ ಆಕೆ ಗುಪ್ಪೆಗೆ ಅಡ್ಡ ನಿಂತಿದ್ದಳು.

"ಇಲ್ಲಿ ಮಿಷನ್ ತರ್ತಾರಂತ, ಖರೇ ಏನ್ರಿ? ಸಣ್ಣ ಕೂಸದು. ಅಲ್ಲಾಡಿಸಬ್ಯಾಡ್ರಿ."

"ಇನ್ನೊಂದ್ ಸಲ ನೋಡ್ತೀನಮ್ಮ. ಮಾತು ಕೊಡಾಕ ಆಗಂಗಿಲ್ಲ," ಎಂದೆ.

ಬಿಗಿಯಾಗಿ ಮಡಿಚಿದ ಆಳದ ತಗ್ಗಿಗೆ ಒಂದು ಕೆಟ್ಟ ಚಾಳಿಯಿದೆ. ಅದರ ಎರಡೂ ಪಕ್ಕದ ಸದ್ದುಗಳು ಒಂದನ್ನೊಂದು ದಾಟಿ ಬಂದು, ಚಿತ್ರದಲ್ಲಿ ತಗ್ಗೇ ಉಬ್ಬಿನಂತೆ ಕಾಣುತ್ತದೆ. ಸದ್ದುಗಳನ್ನು ಅವುಗಳ ನಿಜವಾದ ಜಾಗಕ್ಕೆ ಸರಿಸುವ ಲೆಕ್ಕ ಸರಿಯಾಗಿ ಆದರೆ ಮಾತ್ರ ಈ ಮೋಸ ಬಯಲಾಗುತ್ತದೆ. ಆಫೀಸಿಗೆ ಮರಳಿ ಚಿತ್ರ ನೋಡಿದಾಗ ಗೆರೆಗಳು ಹಾಗೆ ದಾಟಿದ ಗುರುತು ನನಗೆ ಕಂಡಂತಾಯಿತು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ತಾಯಿಯನ್ನು ನೋಡಿಬಂದ ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ನಮ್ಮಲ್ಲೊಂದು ಪದ್ಧತಿ ಇದೆ. ಒಂದೇ ಚಿತ್ರಕ್ಕೆ ಇಬ್ಬರು ಬೇರೆ ಬೇರೆ ಕೂತು ಗೆರೆ ಎಳೆಯುತ್ತೇವೆ. ಮುಗಿಯುವತನಕ ಅದರ ಮಾತೆತ್ತುವಂತಿಲ್ಲ. ಲೆಕ್ಕವನ್ನು ಹೊಸದಾಗಿ ಮಾಡಿಸಿ, ಬಂದ ಚಿತ್ರವನ್ನು ಹಿರಿಯ ಸಹೋದ್ಯೋಗಿಗೂ ಕೊಟ್ಟೆ. ಗುಪ್ಪೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು, ಹೇಳಲಿಲ್ಲ. ಉಬ್ಬು ನಿಜವಾಗಿದ್ದರೆ ಉಬ್ಬೆಂದೇ ಬರೆದು ನಾನೇ ಸಹಿ ಹಾಕಬೇಕು ಎಂಬ ಭಯದಲ್ಲೇ ಪೆನ್ಸಿಲ್ ಹಿಡಿದೆ.

ಸಂಜೆ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಹಿಡಿದೆವು. ದಿನ್ನೆಯ ಕೆಳಗೆ ನನ್ನ ಕೆಂಪು ಗೆರೆ ಇಳಿದಿತ್ತು. ಅವರ ಹಸಿರು ಗೆರೆಯೂ ಇಳಿದಿತ್ತು.

"ತಗ್ಗೇ ಐತಲ್ರಿ ಇದು! ಉಬ್ಬು ಅಂತ ಅಂದೋರು ಯಾರು?" ಎಂದರು ಅವರು. ನಾನು ಮುಖ ತೊಳೆಯಲು ಹೋದೆ. ಅಲ್ಲಿ ಬೋರು ಕೊರೆಯುವುದು ರದ್ದಾಯಿತು.

ಮರುದಿನ ಹಾಳೆ ಹಿಡಿದುಕೊಂಡೇ ದಿನ್ನೆಗೆ ಹೋದೆ. "ಮಿಷನ್ ಬರಂಗಿಲ್ಲಮ್ಮ," ಎಂದೆ. ಆಕೆ ಗುಪ್ಪೆಯ ಪಕ್ಕದಲ್ಲೇ ಕೂತಳು. ಹಾಳೆಯ ಮೇಲೆ ಕೈಯಾಡಿಸಿ, "ಇದರಾಗ ನನ್ನ ಮಗಳು ಎಲ್ಲದಾಳ್ರಿ?" ಎಂದು ಕೇಳಿದಳು.

ಹಾಳೆಯ ಮೇಲಂಚಿನಲ್ಲಿ ಒಂದು ಬಿಳಿ ಪಟ್ಟಿ ಇರುತ್ತದೆ. ಮೇಲ್ಮಣ್ಣಿನಿಂದ ಬರುವುದು ಬರೀ ಗದ್ದಲವೆಂದು ನಾವು ಅದನ್ನು ಅಳಿಸಿಬಿಟ್ಟಿರುತ್ತೇವೆ. ಆ ಪಟ್ಟಿ ತೋರಿಸಿ, "ಇಷ್ಟು ಮ್ಯಾಲಿಂದು ನಮಗ ಕಾಣಂಗಿಲ್ಲಮ್ಮ," ಎಂದೆ.

ಆಕೆ ಆ ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟಳು.

"ಬಿಡ್ರಿ. ಆಕಿನ್ನ ನಾ ನೋಡೀನಿ."